ಅಂಗಿ ಬಿಚ್ಚದ ವರ್ಷ

ನಮ್ಮ ಮನೆಯ ಗಂಡಸರು ಅಂಗಿ ತೊಡುತ್ತಿದ್ದದ್ದು ಸಂತೆಗೋ ಮದುವೆಗೋ ಹೊರಟಾಗ ಮಾತ್ರ. ಬಿ.ಜಿ. ಕೆರೆಯಿಂದ ಒಳಕ್ಕೆ ಮೂರು ಮೈಲಿ ನಡೆದರೆ ಸಿಗುವ ನಮ್ಮೂರಿನ ಬಿಸಿಲಿಗೆ ಬರಿಮೈಯೇ ಸರಿ. ಅಪ್ಪ ಹೊರಗಿನಿಂದ ಬಂದವನು ನೀರು ಕೇಳುವುದಕ್ಕೂ ಮೊದಲು ಅಂಗಿ ಕಳಚಿ ಪಡಸಾಲೆಯ ಗೂಟಕ್ಕೆ ಸಿಕ್ಕಿಸುತ್ತಿದ್ದ. ಊಟಕ್ಕೆ ಕೂತರೂ ಬರಿಮೈ, ಬಂದವರೊಡನೆ ಹರಟೆಗೆ ಕೂತರೂ ಬರಿಮೈ. ಹದಿಮೂರು ತುಂಬುವವರೆಗೆ ನಾನೂ ಹಾಗೇ ಬೆಳೆದೆ. ಶಾಲೆಯಿಂದ ಬರುತ್ತಲೇ ಚೀಲ ಒಂದು ಕಡೆ, ಅಂಗಿ ಒಂದು ಕಡೆ ಎಸೆದು ರೊಪ್ಪಕ್ಕೆ ಓಡುತ್ತಿದ್ದೆ. ರೊಪ್ಪವೆಂದರೆ ಕುರಿ ಕೂಡುವ ಕಲ್ಲುಗೋಡೆಯ ಅಂಗಳ. ನಮ್ಮ ಮಾಳಿಗೆ ಮನೆಯ ಪಡಸಾಲೆಗೂ ಅದಕ್ಕೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಗೋಡೆ. ಗೋಡೆಯಾಚೆ ಕುರಿ, ಈಚೆ ನಾವು. ಉಣ್ಣುವಾಗ ಅವುಗಳ ಉಸಿರು ಕೇಳಿಸುತ್ತಿತ್ತು. ಯಾವುದಾದರೂ ಕೆಮ್ಮಿದರೆ ಅಜ್ಜಿ ಮುದ್ದೆ ಬಿಟ್ಟು ಏಳುತ್ತಿದ್ದಳು. ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ನಾನು, ನನಗಿಂತ ಮೂರು ವರ್ಷ ಚಿಕ್ಕವಳಾದ ತಂಗಿ ಪಾಲಮ್ಮ, ಮನೆಯಲ್ಲಿ ಇದ್ದದ್ದು ಇಷ್ಟು ಜನ. ಹದಿಮೂರು ತುಂಬಿ ಕೆಲವು ತಿಂಗಳಾದ ಮೇಲೆ ಒಂದು ದಿನ ಶಾಲೆಯಿಂದ ಬಂದವನು ಅಂಗಿ ಬಿಚ್ಚಲಿಲ್ಲ. ಮರುದಿನವೂ ಬಿಚ್ಚಲಿಲ್ಲ. ನನಗೆ ಹೆದರಿಕೆಯಾಗಿತ್ತು.

ಹೆದರಿಕೆ ಏನೆಂದು ಹೇಳಬೇಕಾದರೆ ಅಪ್ಪನ ಕೈಯ ವಿಷಯ ಹೇಳಬೇಕು. ಅದು ನಮ್ಮ ಸೀಮೆಯಲ್ಲಿ ಹೆಸರು ಮಾಡಿದ ಕೈ. ಟಗರು ಮರಿಗಳಲ್ಲಿ ಯಾವುದನ್ನು ಬೀಜಕ್ಕೆ ಉಳಿಸಿಕೊಳ್ಳಬೇಕು, ಯಾವುದನ್ನು ಕಟುಕರಿಗೆ ಕೊಡಬೇಕು ಎಂದು ಕೇಳಲು ಕೊಂಡ್ಲಹಳ್ಳಿಯಿಂದ, ಆ ಕಡೆ ನಾಯಕನಹಟ್ಟಿಯ ದಿಕ್ಕಿನಿಂದ ಜನ ಮರಿಗಳನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಅಪ್ಪ ಕಣ್ಣಿನಿಂದ ನೋಡಿ ಹೇಳುತ್ತಿರಲಿಲ್ಲ. ಮರಿಯ ಹಿಂಗಾಲುಗಳ ನಡುವೆ ಕೈಯಿಟ್ಟು, ಮುಖ ಬೇರೆ ಕಡೆ ತಿರುಗಿಸಿ, ಒಂದು ಕ್ಷಣ ಸುಮ್ಮನಿರುತ್ತಿದ್ದ. ಆಮೇಲೆ ಅವನ ಬಾಯಿಂದ ಬರುತ್ತಿದ್ದದ್ದು ಎರಡು ಮಾತುಗಳಲ್ಲಿ ಒಂದು.

"ಇರ್ಲಿ."

ಇಲ್ಲವೇ,

"ಕೊಡು."

ಕೊಡು ಎಂದರೆ ಮುಗಿಯಿತು. ಮರಿ ಎತ್ತರವಾಗಿರಲಿ, ಮೈತುಂಬ ಉಣ್ಣೆ ಇರಲಿ, ಮಾಲೀಕ ಮುದ್ದಿನಿಂದ ಗೆಜ್ಜೆ ಕಟ್ಟಿರಲಿ, ಅದು ಚಳ್ಳಕೆರೆಯ ವ್ಯಾಪಾರಿಯ ಪಾಲು. ಹತ್ತು ವರ್ಷದವನಿದ್ದಾಗಿನಿಂದ ಮರಿಯ ತಲೆ ಹಿಡಿದು ನಿಲ್ಲುವ ಕೆಲಸ ನನ್ನದು. ಮಾಲೀಕರು ಇನ್ನೊಂದು ಸಲ ನೋಡು ಎಂದು ಅಂಗಲಾಚಿದರೆ ಅಪ್ಪ ನಕ್ಕು, ನೋಡೋಕೆ ಟಗರು ಅಷ್ಟೇ ಅನ್ನುತ್ತಿದ್ದ. ಅವನ ಜೊತೆ ನಾನೂ ನಗುತ್ತಿದ್ದೆ. ಆ ನಗು ನೆನಪಾದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ನನ್ನ ಜೊತೆಯ ಹುಡುಗರ ಗಂಟಲು ಒಡೆಯಿತು, ತುಟಿಯ ಮೇಲೆ ಕಪ್ಪು ಮೂಡಿತು. ನನಗೆ ಅದೇನೂ ಆಗಲಿಲ್ಲ. ಕಾಲುಗಳು ಮಾತ್ರ ಬೆಳೆಯುತ್ತಲೇ ಹೋದವು. ಎಂಟನೆಯ ತರಗತಿಯಲ್ಲಿ ನಾನು ಮೇಷ್ಟರಿಗಿಂತ ಎತ್ತರ, ವರ್ಷಕ್ಕೆ ಎರಡು ಸಲ ಚಡ್ಡಿ ಗಿಡ್ಡವಾಗುತ್ತಿತ್ತು. ಊರಿನವರು ಅಪ್ಪನಿಗೆ ತಕ್ಕ ಮಗ ಎಂದು ಹೊಗಳುತ್ತಿದ್ದರು. ಅವರಿಗೆ ಕಾಣದೆ ಇದ್ದದ್ದು ಎದೆ. ಮೊದಲು ಎರಡು ಕಡೆ ಹುಣಸೆಬೀಜದಷ್ಟು ಗಂಟು, ಮುಟ್ಟಿದರೆ ನೋವು. ಆಮೇಲೆ ಗಂಟು ಹರಡಿ ಊದಿಕೊಂಡಿತು. ನನಗೆ ಕುರಿಯ ವಿಷಯ ಬಿಟ್ಟರೆ ಬೇರೆ ಏನೂ ಗೊತ್ತಿರಲಿಲ್ಲ, ಆದ್ದರಿಂದ ನಾನು ಕುರಿಯ ಲೆಕ್ಕದಲ್ಲೇ ಯೋಚಿಸಿದೆ. ಆ ಲೆಕ್ಕದಲ್ಲಿ ನನಗೆ ಇರುವ ಮಾತು ಯಾವುದೆಂದು ಗೊತ್ತಿತ್ತು. ಅಪ್ಪ ಒಂದು ಸಲ ನನ್ನನ್ನು ಸರಿಯಾಗಿ ನೋಡಿದರೆ ಆ ಮಾತು ಹೇಳಿಬಿಡುತ್ತಾನೆ. ಹೇಳಿದ ಮೇಲೆ ನನ್ನನ್ನು ಎಲ್ಲಿಗೆ ಕಳಿಸುತ್ತಾರೆ ಎಂಬುದು ತಿಳಿಯದೆ, ಶಾಲೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಊಹಿಸುತ್ತಿದ್ದೆ.

ಇದಕ್ಕೆ ಒಂದು ಹೆಸರಿದೆ ಎಂದು ತಿಳಿದದ್ದು ನನಗೆ ಇಪ್ಪತ್ತಾರು ದಾಟಿದ ಮೇಲೆ. ದಾವಣಗೆರೆಯ ವೈದ್ಯರೊಬ್ಬರು ರಕ್ತ ತೆಗೆಸಿ ಬೆಂಗಳೂರಿಗೆ ಕಳಿಸಿದರು. ವರದಿ ಬಂದ ದಿನ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಎಲ್ಲರ ಜೀವಕೋಶದಲ್ಲೂ ನಲವತ್ತಾರು ಕ್ರೋಮೋಸೋಮ್ ಇರುತ್ತವೆ, ನಿಮ್ಮಲ್ಲಿ ನಲವತ್ತೇಳು ಇವೆ, ತಾಯಿಯ ಹೊಟ್ಟೆಯಲ್ಲಿ ಮೊಳೆಯುವಾಗಲೇ ಆದದ್ದು, ಇದರಲ್ಲಿ ನಿಮ್ಮ ತಪ್ಪೂ ಇಲ್ಲ, ಹೆತ್ತವರ ತಪ್ಪೂ ಇಲ್ಲ ಎಂದರು. ನಿಮ್ಮಂಥ ಗಂಡಸರು ಬಹಳ ಜನ ಇದ್ದಾರೆ, ಎಷ್ಟೋ ಜನಕ್ಕೆ ಕೊನೆಯವರೆಗೂ ಗೊತ್ತೇ ಆಗುವುದಿಲ್ಲ ಎಂದೂ ಹೇಳಿದರು. ಗಂಡಸರು ಎಂದು ಅವರು ಸಲೀಸಾಗಿ ಅಂದ ಆ ಒಂದು ಪದಕ್ಕೆ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ತಿಂಗಳಿಗೊಂದು ಇಂಜೆಕ್ಷನ್ ಶುರುವಾಯಿತು, ಗಡ್ಡ ಬಂತು, ಮೈಗೆ ಬಲ ಬಂತು. ಆದರೆ ಹದಿಮೂರನೆಯ ವಯಸ್ಸಿನಲ್ಲಿ ಒಳಗೆ ಹೊಕ್ಕ ಹೆದರಿಕೆಗೆ ಇಂಜೆಕ್ಷನ್ ಇರಲಿಲ್ಲ. ಇವತ್ತಿಗೂ ಹೊಸ ಜಾಗಕ್ಕೆ ಹೋದರೆ ನಾನು ಮೊದಲು ನೋಡುವುದು ಯಾವ ಮೂಲೆಯಲ್ಲಿ ಕೂತರೆ ಜನ ಕಡಿಮೆ ನೋಡುತ್ತಾರೆ ಎಂಬುದನ್ನು.

ಮೊದಲು ಕಂಡುಹಿಡಿದವಳು ಅವ್ವ. ಸೋಮವಾರ ನಮ್ಮ ಮನೆಯಲ್ಲಿ ತಲೆಸ್ನಾನ. ಮಕ್ಕಳ ಬೆನ್ನು ಉಜ್ಜುವುದನ್ನು ಅವ್ವ ಯಾರಿಗೂ ಬಿಡುತ್ತಿರಲಿಲ್ಲ, ಮಗ ಎಷ್ಟು ಎತ್ತರವಾದರೂ ಸರಿ. ಮೂರು ಸೋಮವಾರ ನೆಗಡಿ, ಪರೀಕ್ಷೆ ಎಂದು ತಪ್ಪಿಸಿಕೊಂಡೆ. ನಾಲ್ಕನೆಯ ಸೋಮವಾರ ಅವಳು ಕೈಹಿಡಿದು ಕೂರಿಸಿ, ಬನಿಯನ್ ಎಳೆದೇಬಿಟ್ಟಳು. ಬೆನ್ನು ಉಜ್ಜುತ್ತಿದ್ದ ಕೈ ಸೋಪಿನ ಜೊತೆ ಮುಂದಕ್ಕೆ ಜಾರಿತು, ಅಲ್ಲೇ ನಿಂತಿತು. ಹೊರಗೆ ಕುಂಟೆಬಿಲ್ಲೆ ಆಡುತ್ತಿದ್ದ ಪಾಲಮ್ಮನನ್ನು ಅಂಗಡಿಗೆ ಅಟ್ಟಿ, ಅಜ್ಜಿಯನ್ನು ಕರೆದಳು. ಇಬ್ಬರೂ ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತು ನೋಡಿದರು. ಅಷ್ಟು ಹೊತ್ತು ನನ್ನನ್ನು ಯಾರೂ ನೋಡಿರಲಿಲ್ಲ.

"ಯಾವಾಗಿಂದ ಹಿಂಗೈತೆ?" ಅವ್ವ ಕೇಳಿದಳು.

"ದೀಪಾವಳಿಯಿಂದ."

"ಬಾವು ಕಣೇ ಇದು," ಅಂದಳು ಅಜ್ಜಿ. "ಕುರಿಗೆ ಕೆಚ್ಚಲು ಬಾವು ಬರಲ್ವ, ಹಂಗೇ. ಸುಣ್ಣ ಅರಿಶಿಣ ಕಟ್ಟಿದ್ರೆ ಎಂಟು ದಿನಕ್ಕೆ ಇಳೀತೈತೆ. ಏಂ ಕಾದು."

ಏಂ ಕಾದು ಎಂದರೆ ಏನೂ ಆಗುವುದಿಲ್ಲ. ಅಜ್ಜಿಯ ತವರು ರಾಯದುರ್ಗದ ಕಡೆ. ಅವಳ ಬಾಯಲ್ಲಿ ತೆಲುಗು ಬರುತ್ತಿದ್ದದ್ದು ಅವಳಿಗೆ ಭಯವಾದಾಗ. ಅದು ನನಗೆ ಗೊತ್ತಿದ್ದರಿಂದ ಆ ಸಮಾಧಾನದ ಮಾತೇ ನನ್ನನ್ನು ಹೆಚ್ಚು ಹೆದರಿಸಿತು. ಅವ್ವ ಒಂದೇ ಒಂದು ಎಚ್ಚರಿಕೆ ಕೊಟ್ಟಳು, ನಿಮ್ಮಪ್ಪನಿಗೆ ಹೇಳಬೇಡ ಎಂದು.

ಆ ಹೊತ್ತಿಗೆ ಅಪ್ಪ ಊರಲ್ಲಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಮಂದೆಯನ್ನು ಹೊಡೆದುಕೊಂಡು, ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಳ್ಳುವವರ ಹೊಲದಿಂದ ಹೊಲಕ್ಕೆ ತಿರುಗುತ್ತಿದ್ದ. ಮರಿ ಹಾಕಿದ ಹನ್ನೆರಡು ಕುರಿ ಮಾತ್ರ ಮನೆಯ ರೊಪ್ಪದಲ್ಲಿದ್ದವು. ಕುರಿಯ ಮದ್ದು ನನಗೆ ಶುರುವಾಯಿತು. ಶಾಲೆಗೆ ಹೋಗುವ ಮುಂಚೆ ಅಜ್ಜಿ ಸುಣ್ಣ ಅರಿಶಿಣ ಕಲಸಿ, ಬಿಸಿ ಮಾಡಿ ಎದೆಗೆ ಮೆತ್ತುತ್ತಿದ್ದಳು. ಅವ್ವ ಹಳೇ ಸೀರೆಯ ಪಟ್ಟಿ ಸುತ್ತಿ ಬೆನ್ನ ಹಿಂದೆ ಗಂಟು ಹಾಕುತ್ತಿದ್ದಳು. ಮೇಲೆ ಬನಿಯನ್, ಅದರ ಮೇಲೆ ಅಂಗಿ. ಮೂರನೆಯ ಪಿರಿಯಡ್ಡಿಗೆ ಉರಿ ಏರುತ್ತಿತ್ತು. ಮೇಷ್ಟರು ಪ್ರಶ್ನೆ ಕೇಳಿದರೆ ಎದ್ದು ನಿಂತವನು ಉಸಿರು ಎಳೆದುಕೊಂಡರೆ ಪಟ್ಟಿ ಜಾರೀತು ಎಂದು ಉತ್ತರ ಗೊತ್ತಿದ್ದರೂ ಸುಮ್ಮನಿರುತ್ತಿದ್ದೆ. ದಡ್ಡ ಎಂದು ಹೆಸರು ಬಂತು. ಅದು ನನಗೆ ಒಳ್ಳೆಯದೇ ಅನ್ನಿಸಿತು, ದಡ್ಡನ ಕಡೆ ಯಾರೂ ಹೆಚ್ಚು ಹೊತ್ತು ನೋಡುವುದಿಲ್ಲ. ಎಂಟು ದಿನ ಕಳೆಯಿತು, ಇಪ್ಪತ್ತು ದಿನ ಕಳೆಯಿತು. ಚರ್ಮ ಸುಟ್ಟು ಸುಲಿಯಿತೇ ಹೊರತು ಊತ ಇಳಿಯಲಿಲ್ಲ. ಮದ್ದಿನಲ್ಲಿ ಸುಣ್ಣ ಸಾಲದೇನೋ ಎಂದು ಅಜ್ಜಿ ಇನ್ನಷ್ಟು ಸುಣ್ಣ ಹಾಕಿದಳು.

ಅವ್ವನ ಹೆದರಿಕೆ ಬೇರೆಯದು. ದೇವಿ ಕರೆದಿದ್ದಾಳೆ ಎಂದು ಜನ ಅಂದುಬಿಟ್ಟರೆ ಮಗನನ್ನು ಸೀರೆ ಉಡಿಸಿ ಜೋಗಪ್ಪಂದಿರ ಜೊತೆ ಕಳಿಸಬೇಕಾಗುತ್ತದೆ ಎಂದು ಅವಳಿಗೆ ಯಾರೋ ಯಾವಾಗಲೋ ಹೇಳಿದ್ದು ತಲೆಯಲ್ಲಿ ಕೂತಿತ್ತು. ಅದಕ್ಕಿಂತ ದೊಡ್ಡದು ತವರಿನದು. ಅವಳ ತಮ್ಮ, ನನ್ನ ಸೋದರಮಾವ ನಿಂಗಪ್ಪ, ಕೊಂಡ್ಲಹಳ್ಳಿಯವನು. ಅವನಿಗೆ ಮಗಳು ಹುಟ್ಟಿದಾಗ ಕೂಸನ್ನು ನಮ್ಮವ್ವನ ಮಡಿಲಿಗೆ ಹಾಕಿ, ಇದು ನಿನ್ನ ಸೊಸೆ ಎಂದು ಎಲ್ಲರೆದುರು ಮಾತು ಕೊಟ್ಟಿದ್ದ. ಆ ಹುಡುಗಿ ಸಾವಿತ್ರಿಗೆ ಆಗ ಹತ್ತು ವರ್ಷ. ಮಾವ ತಿಂಗಳಿಗೊಮ್ಮೆ ಶೇಂಗಾ ಚೀಲ ಹೊತ್ತು ಬಂದು, ನನ್ನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರ ಅಳೆದು, ನಮ್ಮ ಅಳಿಯನಿಗೆ ಬಾಗಿಲೇ ಸಾಲದು ಎಂದು ಬೀಗುತ್ತಿದ್ದ. ಅವನು ಬೆನ್ನು ತಟ್ಟುವಾಗ ಕೈಗೆ ಪಟ್ಟಿಯ ಗಂಟು ಸಿಕ್ಕೀತೆಂದು ನಾನು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದೆ. ಮಾವನಿಗೆ ತಿಳಿದರೆ ಮಾತು ಮುರಿಯುತ್ತದೆ, ಮಾತು ಮುರಿದರೆ ಅವ್ವನಿಗೆ ತವರಿಲ್ಲ. ಇಷ್ಟೂ ನನ್ನ ಅಂಗಿಯ ಗುಂಡಿಗಳ ಮೇಲೆ ನಿಂತಿತ್ತು.

ಯುಗಾದಿ ಕಳೆದ ಮೇಲೆ ಒಂದು ದಿನ ಸಂಜೆ ನಾಲ್ಕರ ಹೊತ್ತಿಗೆ ಅಪ್ಪ ಮಂದೆಯ ಜೊತೆ ಬಂದ. ಕುರಿಗಳ ಉಣ್ಣೆ ಕತ್ತರಿಸುವ ಕಾಲ ಅದು. ಅಂಗಿ ಗೂಟಕ್ಕೆ ಹಾಕಿ, ಚೊಂಬು ಎತ್ತಿಕೊಂಡವನು ನೀರು ಕುಡಿಯದೆ ಮೂಗು ಅರಳಿಸಿದ. ಸುಣ್ಣ ಅರಿಶಿಣ ಕಾಯಿಸಿದ ವಾಸನೆ ಕುರಿ ಸಾಕುವವನಿಗೆ ತಪ್ಪುವುದಿಲ್ಲ. ಅಡಿಗೆಮನೆಯ ಕಡೆ ತಿರುಗಿ ಯಾವ ಕುರಿಗೆ ಕೆಚ್ಚಲು ಬಾವು ಎಂದು ಕೇಳಿದ. ಅವ್ವ ಒಳಗಿನಿಂದಲೇ, ಕರಿಮೂತಿಯದಕ್ಕೆ ಅಂದಳು. ಅಪ್ಪ ಚೊಂಬು ಕೆಳಗಿಟ್ಟು ರೊಪ್ಪಕ್ಕೆ ಹೋದ.

ನಾನು ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ, ಅಂಗಿಯ ಒಳಗೆ ಅದೇ ಮದ್ದು. ಗೋಡೆಯಾಚೆ ಕರಿಮೂತಿಯ ಕುರಿ ಒಂದು ಸಲ ಅರಚಿ ಸುಮ್ಮನಾಯಿತು. ಅಪ್ಪ ವಾಪಸು ಬರಲಿಲ್ಲ. ಇನ್ನೊಂದು ಕುರಿ ಅರಚಿತು. ಅವನು ಒಂದೊಂದನ್ನೇ ಹಿಡಿದು ಕೆಚ್ಚಲು ಮುಟ್ಟಿ ನೋಡುತ್ತಿದ್ದಾನೆ ಎಂದು ನನಗೆ ಅರ್ಥವಾಯಿತು. ಮೂರು. ನಾಲ್ಕು. ಎದ್ದು ಓಡಿಹೋಗಬೇಕೆನಿಸಿತು, ಆದರೆ ಎದ್ದರೆ ಗೋಡೆಯ ಮೇಲಿಂದ ಅವನಿಗೆ ಕಾಣುತ್ತೇನೆ. ಅಡಿಗೆಮನೆಯಲ್ಲಿ ಅವ್ವ ಮುದ್ದೆಕೋಲು ತಿರುವುವುದನ್ನು ನಿಲ್ಲಿಸಿದ್ದಳು. ಅಜ್ಜಿ ಹೊಸಿಲ ಮೇಲೆ ಕೂತು ಎಲೆಯಡಿಕೆ ಬಾಯಿಗಿಡದೆ ಕೈಯಲ್ಲೇ ಹಿಡಿದಿದ್ದಳು. ಎಂಟು. ಒಂಬತ್ತು. ಹತ್ತನೆಯದು ಕೈಗೆ ಸಿಗದೆ ರೊಪ್ಪದಲ್ಲೆಲ್ಲ ಓಡಾಡಿಸಿತು. ಅದು ಇನ್ನೂ ಓಡಲಿ, ಕತ್ತಲಾಗುವವರೆಗೆ ಓಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅದೂ ಸಿಕ್ಕಿತು. ಹನ್ನೆರಡನೆಯ ಕುರಿಯಾದ ಮೇಲೆ ಸದ್ದಿಲ್ಲ.

ಅಪ್ಪ ಒಳಗೆ ಬಂದು ನನ್ನೆದುರು ನಿಂತ. ನಾನು ತಲೆ ಎತ್ತಲಿಲ್ಲ. ತಲೆ ಬಗ್ಗಿಸಿದ್ದರಿಂದ ನನಗೇ ಕಂಡಿತು: ಬಿಳೀ ಅಂಗಿಯ ಎದೆಯ ಮೇಲೆ ಹಳದಿ ಕಲೆ ಎರಡು ಕಡೆ ಒಸರಿತ್ತು. ಅವನ ಕೈ ನನ್ನ ಕಡೆ ಬಂತು. ಆ ಕೈ ಮರಿಗಳಿಗೆ ಏನು ಮಾಡುತ್ತಿತ್ತೆಂದು ನೋಡಿ ಬೆಳೆದವನು ನಾನು. ಹಲ್ಲು ಕಚ್ಚಿ ಕಣ್ಣು ಮುಚ್ಚಿದೆ. ಕೈ ನನ್ನ ಹತ್ತಿರದವರೆಗೂ ಬಂದು, ಮುಟ್ಟದೆ, ಪಕ್ಕದಲ್ಲಿದ್ದ ಚೊಂಬನ್ನು ಎತ್ತಿಕೊಂಡಿತು. ಅವನು ನೀರು ಪೂರ್ತಿ ಕುಡಿದ. ಆಮೇಲೆ ನನ್ನ ಕಡೆ ನೋಡದೆ, ಒಳಗಿದ್ದವರಿಗೆ ಕೇಳುವಂತೆ ಹೇಳಿದ:

"ಸುಣ್ಣ ಹಚ್ಚಬ್ಯಾಡ್ರಿ. ಚರ್ಮ ಸುಟ್ಟು ಹೋಗ್ತೈತೆ."

ಕುರಿಗೆ ಹೇಳಿದನೋ ನನಗೆ ಹೇಳಿದನೋ ತಿಳಿಯಲಿಲ್ಲ. ಅವ್ವನನ್ನು ಕೇಳುವ ಧೈರ್ಯ ನನಗಿರಲಿಲ್ಲ, ಗಂಡನನ್ನು ಕೇಳುವ ಧೈರ್ಯ ಅವಳಿಗಿರಲಿಲ್ಲ. ಮದ್ದು ಮಾತ್ರ ಮರುದಿನದಿಂದ ನಿಂತಿತು.

ಮೂರು ದಿನ ಬಿಟ್ಟು ಕುರಿ ತೊಳೆಯುವುದಿತ್ತು. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಕೆರೆಯಲ್ಲಿ ತೊಳೆಯಬೇಕು. ಗಂಡಸರು ಬರಿಮೈಯಲ್ಲಿ ಸೊಂಟಮಟ್ಟದ ನೀರಿಗೆ ಇಳಿದು ಸಾಲಾಗಿ ನಿಲ್ಲುತ್ತಾರೆ, ಕುರಿ ಕೈಯಿಂದ ಕೈಗೆ ದಾಟುತ್ತಾ ದಡ ಸೇರುತ್ತದೆ. ನಮ್ಮ ಕೆಲಸಕ್ಕೆ ನೆಂಟರು ಬರುತ್ತಾರೆ, ಅವರ ಕೆಲಸಕ್ಕೆ ನಾವು ಹೋಗುತ್ತೇವೆ. ಹದಿನಾಲ್ಕಕ್ಕೆ ಬಿದ್ದ ಹುಡುಗನನ್ನು ಆ ವರ್ಷ ಸಾಲಿಗೆ ಇಳಿಸಿ, ಮೊದಲ ಟಗರನ್ನು ಅವನ ಕೈಗೆ ಕೊಡುವುದು ನಮ್ಮವರ ಪದ್ಧತಿ. ಅಲ್ಲಿಂದ ಅವನು ಗಂಡಸರ ಲೆಕ್ಕಕ್ಕೆ. ಆ ವರ್ಷದ ಹುಡುಗ ನಾನು. ಕೊಂಡ್ಲಹಳ್ಳಿಯಿಂದ ಮಾವ ನಾಲ್ಕು ಆಳುಗಳನ್ನು ಕರೆದುಕೊಂಡು ಹಿಂದಿನ ದಿನವೇ ಬಂದಿಳಿದಿದ್ದ. ಬೆಳಿಗ್ಗೆ ನಾನು ಈರುಳ್ಳಿ ಹೆಚ್ಚಿ ಕಂಕುಳಲ್ಲಿ ಇಟ್ಟುಕೊಂಡೆ, ಜ್ವರ ಬರುತ್ತದೆಂದು ಶಾಲೆಯ ಹುಡುಗರು ಹೇಳಿಕೊಟ್ಟ ಉಪಾಯ. ಜ್ವರ ಬರಲಿಲ್ಲ, ಸುಣ್ಣಕ್ಕೆ ಸುಲಿದ ಚರ್ಮಕ್ಕೆ ಈರುಳ್ಳಿಯ ರಸ ತಾಗಿ ಕಣ್ಣಲ್ಲಿ ನೀರು ಬಂತು. ಅಜ್ಜಿ ವಾಸನೆ ಹಿಡಿದು, ಈರುಳ್ಳಿ ಕಿತ್ತು ಒಲೆಗೆ ಎಸೆದು, ನಡಿ, ಬರಲಿಲ್ಲ ಅಂದರೆ ಇನ್ನೂ ಹೆಚ್ಚು ಕೇಳುತ್ತಾರೆ ಎಂದು ಹೊರಡಿಸಿದಳು.

ದಡದ ಮೇಲೆ ಅಂಗಿಗಳ ರಾಶಿ ಬಿದ್ದಿತ್ತು. ಹತ್ತು ಗಂಡಸರು ನೀರಲ್ಲಿ ನಿಂತಿದ್ದರು, ಅಪ್ಪ ನಡುವೆ. ಅವನ ಕೈಯಲ್ಲಿ ದೊಡ್ಡ ಟಗರು.

"ಅಳಿಯಾ, ಅಂಗಿ ಬಿಚ್ಚಿ ಇಳಿ," ಎಂದ ಮಾವ ನೀರಿನಿಂದ. "ಮೊದಲ ಟಗರು ನಿಂದೇ."

ನನ್ನ ಬೆರಳು ಮೇಲಿನ ಗುಂಡಿಗೆ ಹೋಯಿತು. ಅದನ್ನು ಬಿಚ್ಚಿದೆ ಕೂಡ. ಎರಡನೆಯದನ್ನು ಹಿಡಿದುಕೊಂಡೇ ನಿಂತೆ. ಹುಡುಗ ನಾಚಿಕೊಳ್ಳುತ್ತಾನೆ ಎಂದು ಯಾರೋ ನಕ್ಕರು. ಮಾವ ತಾನೇ ಬಿಚ್ಚುತ್ತೇನೆ ಎಂದು ದಡದ ಕಡೆ ನಾಲ್ಕು ಹೆಜ್ಜೆ ಹಾಕಿದ.

"ಅವನು ಇಳಿಯಲ್ಲ," ಎಂದ ಅಪ್ಪ.

"ಯಾಕ್ ಭಾವ?"

"ಅವನಿಗೆ ಕುರಿ ಕೆಲಸ ಬ್ಯಾಡ. ಚಳ್ಳಕೆರೆ ಹಾಸ್ಟೆಲಿಗೆ ಹಾಕ್ತೀನಿ, ಓದ್ಲಿ."

ಓದಲಿ ಬಿಡಿ, ನಮ್ಮ ಹುಡುಗಿ ಕಾಯುತ್ತಾಳೆ ಎಂದು ಮಾವ ನಕ್ಕ. ಅಪ್ಪ ನಗಲಿಲ್ಲ. ಟಗರನ್ನು ಪಕ್ಕದವನ ಕೈಗೆ ದಾಟಿಸಿ, ನೀರನ್ನೇ ನೋಡುತ್ತಾ ಹೇಳಿದ:

"ಕಾಯೋದು ಬ್ಯಾಡ ನಿಂಗಪ್ಪ. ಹುಡುಗಿಗೆ ಬೇರೆ ಕಡೆ ನೋಡು."

ಮಾವ ನೀರಿನಿಂದ ಎದ್ದು, ಒದ್ದೆ ಮೈಗೇ ಅಂಗಿ ಹಾಕಿಕೊಂಡು, ತನ್ನ ನಾಲ್ಕು ಆಳುಗಳನ್ನು ಕರೆದುಕೊಂಡು ಹೊರಟ. ಉಳಿದ ಐದು ಜನ ಮಧ್ಯಾಹ್ನದವರೆಗೆ ಕುರಿ ತೊಳೆದರು. ನಾನು ಅಂಗಿ ತೊಟ್ಟುಕೊಂಡೇ ದಡದಲ್ಲಿ ನಿಂತಿದ್ದೆ. ಬದುಕಿದೆ ಎಂದು ಮೊದಲು ಅನಿಸಿತು. ಆಮೇಲೆ ಅರ್ಥವಾಯಿತು, ಅಪ್ಪ ಕೊಡು ಎಂಬ ಆ ಮಾತು ಹೇಳಿಬಿಟ್ಟ. ಮುಟ್ಟಿಯೂ ನೋಡದೆ, ಒಂಬತ್ತು ಜನರ ಮುಂದೆ, ನನ್ನನ್ನು ಮಂದೆಯಿಂದ ಬೇರೆ ಮಾಡಿಬಿಟ್ಟ.

ಮನೆಯಲ್ಲಿ ಜಗಳ ಎರಡು ದಿನ ನಡೆಯಿತು. ನಮ್ಮ ಮನೆಯಲ್ಲಿ ಜಗಳವೆಂದರೆ ಕೂಗಾಟವಲ್ಲ. ಅವ್ವ ಮುದ್ದೆಯನ್ನು ತಟ್ಟೆಗೆ ಇಡುವ ಸದ್ದಿನಲ್ಲಿ ಎಲ್ಲ ತಿಳಿಯುತ್ತಿತ್ತು. ಸಾರು ಬಡಿಸುತ್ತಿರಲಿಲ್ಲ, ಪಾತ್ರೆ ಮುಂದೆ ತಳ್ಳುತ್ತಿದ್ದಳು. ಎರಡನೆಯ ದಿನ ಅಪ್ಪ ಉಣ್ಣುತ್ತಿರುವಾಗ ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ ಬಾಯಿಬಿಟ್ಟಳು. ನಾನು ಕಣಜದ ಕೋಣೆಯ ಕತ್ತಲಲ್ಲಿದ್ದೆ.

"ನನ್ನ ತವರಿನ ಬಾಗಿಲು ಮುಚ್ಚಿಸಿಬಿಟ್ರಲ್ಲ. ಏನೂ ಹೇಳದೆ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ಆ ಹುಡುಗೀಗೆ ಗೊತ್ತಾಗ್ತಿತ್ತು," ಎಂದ ಅಪ್ಪ. "ಮದುವೆಯಾದ ಮೇಲೆ. ಆವಾಗ ಅವಳು ಯಾರತ್ರ ಹೇಳ್ಕಬೇಕಿತ್ತು?"

ಅಪ್ಪ ಹೇಳಿದ್ದರಲ್ಲಿ ತಪ್ಪಿರಲಿಲ್ಲ ಎಂದು ಇವತ್ತು ಒಪ್ಪುತ್ತೇನೆ. ಸಾವಿತ್ರಿ ಬೇರೆ ಕಡೆ ಮದುವೆಯಾಗಿ ಮೂರು ಮಕ್ಕಳ ತಾಯಿಯಾಗಿದ್ದಾಳೆ, ಸಿಕ್ಕಾಗ ನಕ್ಕು ಮಾತಾಡಿಸುತ್ತಾಳೆ. ಆದರೆ ಕಣಜದ ಕೋಣೆಯಲ್ಲಿ ನಿಂತಿದ್ದ ಹುಡುಗನಿಗೆ ಕೇಳಿಸಿದ್ದು ಬೇರೆ. ನನ್ನ ಜೊತೆ ಬದುಕುವುದು ಒಬ್ಬ ಹುಡುಗಿ ಯಾರಲ್ಲೂ ಹೇಳಿಕೊಳ್ಳಲಾಗದಂಥ ಕಷ್ಟ ಎಂದು ನನ್ನಪ್ಪ ನಂಬಿದ್ದಾನೆ ಎಂದು ಕೇಳಿಸಿತು. ನಲವತ್ತು ದಾಟುವವರೆಗೆ ನಾನು ಯಾವ ಹೆಣ್ಣಿನ ಹತ್ತಿರವೂ ಎರಡು ಮಾತಿಗಿಂತ ಹೆಚ್ಚು ಆಡಲಿಲ್ಲ. ಆಮೇಲೆ ಒಬ್ಬಳು ಸಿಕ್ಕಳು, ವರದಿಯನ್ನು ಅವಳ ಮುಂದಿಟ್ಟೆ, ಅವಳು ಓದಿ ಮಡಚಿ ವಾಪಸು ಕೊಟ್ಟು, ಟೀ ಆರುತ್ತಿದೆ ಕುಡಿಯಿರಿ ಅಂದಳು. ಈಗ ಜೊತೆಗಿದ್ದೇವೆ. ಆ ಕಥೆ ಬೇರೆ. ಅವ್ವನಿಗೆ ಮಾತ್ರ ಹನ್ನೊಂದು ವರ್ಷ ಕೊಂಡ್ಲಹಳ್ಳಿಯಿಂದ ಒಂದು ಕರೆಯೂ ಬರಲಿಲ್ಲ.

ಜೂನ್ ತಿಂಗಳಲ್ಲಿ ಅಪ್ಪ ನನ್ನನ್ನು ಚಳ್ಳಕೆರೆಗೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಾ ಕೂತಿದ್ದ. ಕಟುಕರ ವ್ಯಾಪಾರಿಗಳೆಲ್ಲ ಚಳ್ಳಕೆರೆಯವರೇ ಎಂಬುದು ಆ ದಾರಿಯಲ್ಲಿ ನನಗೆ ಹತ್ತು ಸಲವಾದರೂ ನೆನಪಾಯಿತು. ಹಾಸ್ಟೆಲಿನಲ್ಲಿ ವಾರ್ಡನ್ನರು ಅರ್ಜಿ ನೋಡಿ, ಮಲಗುವ ಹಾಲು ತೋರಿಸಿ, ಊಟದ ಹೊತ್ತು ಹೇಳಿದರು. ಅಪ್ಪ ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಒಂದೇ ಒಂದು ಮಾತು ಕೇಳಿದ, ಹುಡುಗರು ಸ್ನಾನ ಎಲ್ಲಿ ಮಾಡುತ್ತಾರೆ ಎಂದು. ಹಿತ್ತಲಿಗೆ ಹೋದೆವು. ಬಯಲಲ್ಲಿ ಉದ್ದನೆಯ ಸಿಮೆಂಟು ತೊಟ್ಟಿ, ಎಲ್ಲ ಕಡೆ ಇದ್ದ ಹಾಗೆಯೇ. ಇಪ್ಪತ್ತು ಮೂವತ್ತು ಹುಡುಗರು ಚಡ್ಡಿಯಲ್ಲಿ ನಿಂತು ಒಬ್ಬರಿಗೊಬ್ಬರು ನೀರೆರಚುತ್ತಿದ್ದರು. ಪ್ರತಿ ದಿನ, ಎರಡು ವರ್ಷ, ಇಷ್ಟು ಜನರ ಕಣ್ಣಿನ ಮುಂದೆ. ಅಪ್ಪ ತೊಟ್ಟಿಯ ಹತ್ತಿರ ಬಹಳ ಹೊತ್ತು ನಿಂತು ನೋಡಿದ. ಆಮೇಲೆ ವಾರ್ಡನ್ನರಿಗೆ ಕೈಮುಗಿದು, ಟ್ರಂಕು ತಲೆಯ ಮೇಲಿಟ್ಟುಕೊಂಡು, ನಡಿ ಅಂದ.

ಎಣ್ಣೆ ಗಿರಣಿಗಳ ಹಿಂದಿನ ಬೀದಿಯಲ್ಲಿ ಬೀಬಮ್ಮ ಎಂಬ ಮುದುಕಿಯ ಮನೆಯಿತ್ತು. ಅವಳ ಗಂಡ ಬದುಕಿದ್ದಾಗ ನಮ್ಮ ಉಣ್ಣೆ ಕೊಳ್ಳುತ್ತಿದ್ದ. ನನ್ನನ್ನು ಇಟ್ಟುಕೊಳ್ಳಲು ಅವಳು ಒಪ್ಪಿದಳು, ದೊಡ್ಡೋನಾಗಿ ನನ್ನ ಮರೀಬ್ಯಾಡ ಬೇಟಾ ಎಂದು ನನ್ನ ಗಲ್ಲ ಹಿಡಿದಳು. ಅಪ್ಪನಿಗೆ ಆ ಮಾತು ಕೇಳಿಸಿದಂತಿರಲಿಲ್ಲ. ಮನೆಯ ಹಿಂದಿದ್ದ ಬಚ್ಚಲಿಗೆ ನೇರವಾಗಿ ನಡೆದ. ಮೂರು ಕಡೆ ಚಪ್ಪಡಿ ಕಲ್ಲು, ಮೇಲೆ ತಗಡು, ಮುಂದೆ ಹಳೇ ಹಲಗೆಗಳ ಬಾಗಿಲು. ಚಿಲಕವನ್ನು ಎಳೆದು, ತಳ್ಳಿ, ಮತ್ತೆ ಎಳೆದು ನೋಡಿದ. ಒಳಗೆ ಹೋಗಿ ಚಿಲಕ ಹಾಕಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ದನಿ ಬಂತು.

"ಹೊರಗಿಂದ ಏನಾದ್ರೂ ಕಾಣ್ತೈತೇನಲೇ? ಸರಿಯಾಗಿ ನೋಡು."

ಎರಡು ಹಲಗೆಗಳ ನಡುವೆ ಬಿರುಕಿತ್ತು. ಕಣ್ಣಿಟ್ಟೆ. ತಗಡಿನ ತೂತಿನಿಂದ ಬಿದ್ದ ಬಿಸಿಲಲ್ಲಿ ಅಪ್ಪ ಅಂಗಿ, ಬನಿಯನ್ ಎರಡೂ ಬಿಚ್ಚಿ ನಿಂತಿದ್ದ. ಭುಜ ಮುಂದಕ್ಕೆ ಮಡಚಿ, ಬೆನ್ನು ಸ್ವಲ್ಪ ಬಗ್ಗಿಸಿ, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದ. ಅಪ್ಪ ಹಾಗೆ ನಿಲ್ಲುವವನೇ ಅಲ್ಲ. ಹಾಗೆ ನಿಲ್ಲುವವನು ನಾನು ಎಂದು ನನಗೆ ಗೊತ್ತಾದದ್ದು ಆ ಬಿರುಕಿನಲ್ಲಿ ಅವನನ್ನು ನೋಡಿದಾಗಲೇ. ಅವನು ನನ್ನನ್ನು ಎಷ್ಟು ದಿನದಿಂದ, ಎಷ್ಟು ಕೂಲಂಕಷವಾಗಿ ನೋಡಿದ್ದ.

"ಕಾಣ್ತೈತಪ್ಪ," ಅಂದೆ.

"ಎಲ್ಲಿ? ಬೆರಳಿಡು."

ಬಿರುಕಿಗೆ ಬೆರಳು ತೂರಿಸಿದೆ. ಒಳಗಿನಿಂದ ಅವನ ಬೆರಳು ಬಂದು ನನ್ನದಕ್ಕೆ ತಾಗಿತು. ಅವನು ಅದನ್ನು ತಕ್ಷಣ ತೆಗೆಯಲಿಲ್ಲ. ಆಮೇಲೆ ಟವೆಲು ಹರಿಯುವ ಸದ್ದು ಕೇಳಿತು, ಚೂರನ್ನು ಬಿರುಕಿನೊಳಕ್ಕೆ ಬೆರಳಿನಿಂದ ಒತ್ತಿ ಒತ್ತಿ ತುಂಬಿದ.

"ಈಗ?"

"ಈಗ ಕಾಣಲ್ಲಪ್ಪ."

ಅವನು ಚೂರನ್ನು ಇನ್ನೊಂದು ಸಲ ಒತ್ತಿದ.

"ನನ್ನ ಕೈಲಾಗೋದು ಇಷ್ಟೇ ಕಣಲೇ," ಅಂದ.

ಅಂಗಿ ತೊಟ್ಟು ಹೊರಗೆ ಬಂದವನು ನನ್ನ ಮುಖ ನೋಡಲಿಲ್ಲ. ಮೊಳಕಾಲ್ಮೂರು ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದ. ಆ ಮೇಲಿನ ವರ್ಷಗಳಲ್ಲಿ ನಾವು ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ದಾವಣಗೆರೆಯ ವರದಿ ಬರುವ ಹೊತ್ತಿಗೆ ಅಪ್ಪ ಇರಲಿಲ್ಲ. ಮಂದೆಯಿಂದ ನನ್ನನ್ನು ತೆಗೆದದ್ದು ಉಳಿಸಲಿಕ್ಕೋ ಕಳಿಸಿಬಿಡಲಿಕ್ಕೋ ಎಂದು ಕೇಳದೆ ಉಳಿಯಿತು. ಅವತ್ತು ಸಂಜೆ ಬೀಬಮ್ಮ ನೀರು ಕಾಯಿಸಿ ಕೊಟ್ಟಳು. ಬಚ್ಚಲಿಗೆ ಹೋಗಿ ಚಿಲಕ ಹಾಕಿ, ಎರಡು ಸಲ ಎಳೆದು ನೋಡಿ, ಅಂಗಿ ಬಿಚ್ಚಿದೆ. ಬೆಳಕು ಇನ್ನೂ ಇತ್ತು. ಬಿರುಕಿನಲ್ಲಿ ಅಪ್ಪನ ಟವೆಲಿನ ಚೂರು ಬಿಗಿಯಾಗಿ ಕೂತಿತ್ತು, ಹೊರಗೆ ಯಾರೂ ಇರಲಿಲ್ಲ. ಆದರೂ ಕೈಗಳು ಎದೆಯ ಮೇಲಿಂದ ಕೆಳಗಿಳಿಯಲಿಲ್ಲ. ತಂಬಿಗೆ ಎತ್ತಿಕೊಳ್ಳಲು ಒಂದು ಕೈ ತೆಗೆಯುವಷ್ಟರಲ್ಲಿ ನೀರು ಆರಿಹೋಗಿತ್ತು.